ತೊಳೆಯೋಕೆ ಮುಂಚೆ ಒಂದ್ಸಲ ನೋಡಿ

ಗುಜರಿ ಅಂಗಡಿಯ ಕಟ್ಟೆ ಮೇಲೆ ಎರಡು ಹಳೇ ಟರ್ಬೋ ಇವೆ ಅಂದುಕೊಳ್ಳಿ. ಒಂದು ಬೆಳ್ಳಿ ಲೋಟದ ಥರ ಫಳಫಳ ಹೊಳೀತಿದೆ. ಇನ್ನೊಂದು ಬಚ್ಚಲ ಹಂಡೆಯ ತಳದ ಥರ ಮಸಿ ಹಿಡಿದು, ಜಿಡ್ಡು ಮೆತ್ತಿಕೊಂಡು, ಮುಟ್ಟಿದರೆ ಕೈ ಕಪ್ಪಾಗೋ ಹಾಗಿದೆ. ಎರಡಕ್ಕೂ ಬೆಲೆ ಒಂದೇ. ಯಾವುದನ್ನ ತಗೋತೀರಿ?

ಹೊಳೆಯೋದು ಅಂತ ಹೇಳೋರೇ ಜಾಸ್ತಿ. ನಮ್ಮ ಭಾಯಿ ಮಾತ್ರ ಕಣ್ಣು ಮುಚ್ಚಿಕೊಂಡು ಕರೀದನ್ನ ಎತ್ತಿಕೊಳ್ತಾರೆ. "ತೊಳೆದಿಟ್ಟಿದ್ದನ್ನ ಮುಟ್ಟಬೇಡ. ತೊಳೆದವನು ಏನನ್ನ ತೊಳೆದ ಅಂತ ಯಾರಿಗೆ ಗೊತ್ತು?" ಅನ್ನೋದು ಅವರ ಮಾತು.

ಭಾಯಿ ಅಂದರೆ ಸಾಗರದಲ್ಲಿ ನನ್ನ ತಮ್ಮನ ಗಾಡಿ ನೋಡಿಕೊಳ್ಳುವ ಮೆಕ್ಯಾನಿಕ್. ಅವರಿಗೂ ಒಂದು ಹೆಸರಿದೆ, ಆದರೆ ಊರಿಗೆಲ್ಲ ಅವರು ಭಾಯಿ. ಅಂಬಾಸಿಡರ್ ಕಾಲದಿಂದ ಸ್ಪ್ಯಾನರ್ ಹಿಡಿದವರು. ಮಾತು ಕಮ್ಮಿ, ಕೆಲಸ ನಿಧಾನ. ಅವಸರದವರು ಅವರ ಶೆಡ್ಡಿಗೆ ಹೋಗೋದಿಲ್ಲ. ಹೋದವರು ಬೇರೆ ಕಡೆ ಹೋಗೋದಿಲ್ಲ. ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸೋ ಪ್ರಾಣಿ. ಬಾನೆಟ್ ಎತ್ತಿದರೆ ನನಗೆ ಧೈರ್ಯವಾಗಿ ಗುರುತು ಸಿಗೋದು ವೈಪರ್ ನೀರಿನ ಡಬ್ಬ ಒಂದೇ :-) ಅಂಥವನು ಮೂರು ದಿನ ಅವರ ಶೆಡ್ಡಿನಲ್ಲಿ ಮಣೆ ಹಾಕಿಕೊಂಡು ಕೂತು ಒಂದು ಹಳೇ ಟರ್ಬೋ ತೊಳೆಯೋದನ್ನ ನೋಡಿದ ಕಥೆ ಇದು. ತೊಳೆಯೋದರಲ್ಲಿ ನೋಡೋದು ಏನಿದೆ ಅಂದ್ರಾ? ಮುಂದೆ ಓದಿ.

ತಮ್ಮನದು 2013ರ ಡಿಸೈರ್ ಡೀಸೆಲ್. ಹಳದಿ ಬೋರ್ಡು. ಸೊಸೈಟಿ ಸಾಲದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಶನಿವಾರ, ಭಾನುವಾರ ಜೋಗಕ್ಕೆ ಬರೋ ಪ್ರವಾಸಿಗರು. ವಾರದ ಮಿಕ್ಕ ದಿನ ಹೆಚ್ಚಾಗಿ ಮಣಿಪಾಲದ ಬಾಡಿಗೆ. ನಮ್ಮ ಕಡೆಯವರಿಗೆ ಮಣಿಪಾಲ ಅಂದರೆ ಆಸ್ಪತ್ರೆ ಅಂತಲೇ ಅರ್ಥ. ಹೋಗುವಾಗ ಗಾಬರಿಯಲ್ಲಿರೋ ಜನ, ಬರುವಾಗ ಸುಸ್ತಾಗಿರೋ ಜನ. ಹಾಗೆ ಒಂದು ಮಳೆಗಾಲದ ಸಂಜೆ ಆಪರೇಷನ್ ಮುಗಿಸಿ ಮನೆಗೆ ಹೊರಟ ಒಬ್ಬ ಅಜ್ಜನನ್ನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹುಲಿಕಲ್ ಘಾಟಿ ಹತ್ತುತ್ತಿರುವಾಗ ಎಂಜಿನ್ನಿನಿಂದ ಆಂಬುಲೆನ್ಸ್ ಸೈರನ್ ಥರ ಒಂದು ಸದ್ದು ಬಂತಂತೆ. ಆಮೇಲೆ ಗಾಡಿಗೆ ಎಳೆತವೇ ಇಲ್ಲ. ಹಿಂದೆ ನೋಡಿದರೆ ನೀಲಿ ಹೊಗೆ. ತಮ್ಮ ಅಲ್ಲೇ ಎಂಜಿನ್ ಆಫ್ ಮಾಡಿ, ಬೇರೆ ಗಾಡಿ ಕರೆಸಿ ಅಜ್ಜನನ್ನ ಕಳಿಸಿ, ರಾತ್ರಿ ಒಂಬತ್ತರವರೆಗೆ ಆ ಮಳೆಯಲ್ಲಿ, ಆ ತಿರುವಿನಲ್ಲಿ ನಿಂತಿದ್ದ.

ಭಾಯಿ ಬಿಚ್ಚಿ ನೋಡಿದಾಗ ಟರ್ಬೋ ಸತ್ತಿತ್ತು. ಗಾಳಿ ತಳ್ಳೋ ಚಕ್ರದ ರೆಕ್ಕೆಗಳು ಮುರಿದು, ಸುತ್ತಲಿನ ಹೌಸಿಂಗನ್ನೂ ಕೆರೆದು ಹಾಳು ಮಾಡಿದ್ದವು. ಒಳಗಿನ ಕೋರ್ ಮಾತ್ರ ಬದಲಿಸೋ ದಾರಿ ಅಲ್ಲಿಗೆ ಮುಚ್ಚಿತು. ಕಾರಣ ಸಿಕ್ಕಿದ್ದು ಟರ್ಬೋಗೆ ಎಣ್ಣೆ ತರೋ ತೆಳ್ಳನೆ ಪೈಪಿನಲ್ಲಿ. ಒಳಗೆಲ್ಲ ಕರಕಲು ಕಟ್ಟಿ ತೂತು ಕಿರಿದಾಗಿತ್ತು. ನಮ್ಮ ಕೈಗೆ ಬರೋ ಮುಂಚೆ ಗಾಡಿ ಇಟ್ಟುಕೊಂಡಿದ್ದವರು ಆಯಿಲ್ ಬದಲಿಸೋದನ್ನ ಮುಂದೂಡುತ್ತಾ ಬಂದಿದ್ದರು. ಸರ್ವಿಸ್ ಪುಸ್ತಕದಲ್ಲಿ ಅರ್ಧಕ್ಕರ್ಧ ಪುಟ ಖಾಲಿ.

ಹೊಸ ಟರ್ಬೋ ಬೆಲೆ ಕೇಳಿದ ತಮ್ಮ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅವನ ಮೂರು ತಿಂಗಳ ಕಂತಿನಷ್ಟಾಗ್ತಿತ್ತು. ಗಾಡಿ ನಿಂತ ಪ್ರತಿ ದಿನ ಬಾಡಿಗೆ ಇಲ್ಲ, ಕಂತಿಗೆ ಮಾತ್ರ ರಜೆ ಇಲ್ಲ. ಹಳೇದು ಹುಡುಕಿದರೆ ಮೂರನೇ ಒಂದು ಭಾಗಕ್ಕೆ ಸಿಗುತ್ತೆ ಅಂದರು ಭಾಯಿ. ಅಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡಳು.

"ಗುಜರಿ ಸಾಮಾನು ಅಂದ್ರೆ ಆಕ್ಸಿಡೆಂಟ್ ಆದ ಗಾಡೀದು ತಾನೇ? ಆ ಗಾಡೀಲಿ ಯಾರಿಗೆ ಏನಾಗಿತ್ತೋ ಏನೋ. ಅದನ್ನ ತಂದು ಇವನ ಗಾಡಿಗೆ ಹಾಕ್ಬೇಡಿ. ಕಾಯಿಲೆಯೋರನ್ನ ಕೂರಿಸ್ಕೊಂಡು ಹೋಗೋ ಗಾಡಿ ಅದು."

ಅಮ್ಮನ ಮಾತಿನಲ್ಲಿ ಅರ್ಧ ನಿಜ ಇತ್ತು. ಒಳ್ಳೆ ಸ್ಥಿತಿಯಲ್ಲಿರೋ ಹಳೇ ಬಿಡಿಭಾಗ ಗುಜರಿಗೆ ಬರೋದು ಹೆಚ್ಚಾಗಿ ಅಪಘಾತದ ಗಾಡಿಯಿಂದಲೇ. ಮುದುಕಾಗಿ ಸತ್ತ ಗಾಡಿಯ ಟರ್ಬೋ ಕೂಡ ಮುದುಕಾಗಿರುತ್ತೆ. ಮಿಕ್ಕ ಅರ್ಧದ ಬಗ್ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನೋಡೋಣ ಇರಮ್ಮ ಅಂದು ಫೋನಿಟ್ಟೆ.

ಟರ್ಬೋ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಗೊತ್ತಿದ್ದವರು ಮುಂದಿನ ಪ್ಯಾರಾಗೆ ಹಾರಿ. ಒಂದು ಪುಟ್ಟ ದಂಡ, ಅದರ ಎರಡು ತುದಿಗೆ ಎರಡು ಚಕ್ರ. ಎಂಜಿನ್ ಉಗುಳೋ ಬಿಸಿ ಹೊಗೆ ಒಂದು ಚಕ್ರವನ್ನ ತಿರುಗಿಸುತ್ತೆ. ದಂಡ ಒಂದೇ ಆದ್ದರಿಂದ ಇನ್ನೊಂದು ತುದಿಯ ಚಕ್ರವೂ ತಿರುಗಿ, ಹೊರಗಿನ ಗಾಳಿಯನ್ನ ಒತ್ತಿ ಎಂಜಿನ್ನಿಗೆ ತುಂಬುತ್ತೆ. ಗಾಳಿ ಜಾಸ್ತಿ ಬಂದರೆ ಡೀಸೆಲ್ ಜಾಸ್ತಿ ಉರಿಸಬಹುದು, ಶಕ್ತಿ ಜಾಸ್ತಿ. ಸುಮ್ಮನೆ ಬಿಸಾಕೋ ಹೊಗೆಯಿಂದಲೇ ದುಡಿಸಿಕೊಳ್ಳೋ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಅನ್ನೋ ಎಂಜಿನಿಯರ್ 1905ರಲ್ಲೇ ಪೇಟೆಂಟ್ ಮಾಡಿಸಿದ್ದ. ಜನ ಕೊಂಡು ಓಡಿಸೋ ಕಾರಿಗೆ ಅದು ಬಂದಿದ್ದು 1962ರಲ್ಲಿ, ಅಮೆರಿಕದಲ್ಲಿ. ತಮ್ಮನ ಗಾಡಿಯ 1248 ಸಿಸಿ ಎಂಜಿನ್ 75 ಕುದುರೆಶಕ್ತಿ ಕೊಡೋದು, 2000 ಆರ್‌ಪಿಎಮ್‌ನಲ್ಲೇ 190 ನ್ಯೂಟನ್ ಮೀಟರ್ ಎಳೆತ ಕೊಡೋದು ಈ ಪುಟ್ಟ ಯಂತ್ರದ ದಯೆಯಿಂದ. ಅದಿಲ್ಲದೆ ಐದು ಜನ ಕೂತು ಘಾಟಿ ಹತ್ತೋದು ಕಷ್ಟ.

ಈಗ ಅಸಲು ವಿಷಯ. ನಮ್ಮ ಮನೆಯ ಸೀಲಿಂಗ್ ಫ್ಯಾನು ಜೋರಾಗಿ ತಿರುಗಿದರೆ ನಿಮಿಷಕ್ಕೆ ಮುನ್ನೂರು ಚಿಲ್ಲರೆ ಸುತ್ತು. ಇಂಥ ಸಣ್ಣ ಡೀಸೆಲ್ ಕಾರಿನ ಟರ್ಬೋ ನಿಮಿಷಕ್ಕೆ ಎರಡು ಲಕ್ಷ ಸುತ್ತು ದಾಟಬಲ್ಲದು. ಒಂದು ಕಡೆ 700 ಡಿಗ್ರಿ ಮೀರಬಲ್ಲ ಹೊಗೆ, ಕೆಲವೇ ಇಂಚು ಆಚೆ ಹೊರಗಿನಿಂದ ಬಂದ ತಣ್ಣನೆ ಗಾಳಿ. ನಡುವೆ ಆ ದಂಡ ಯಾವ ಲೋಹದ ಮೇಲೂ ಕೂತಿರೋದಿಲ್ಲ. ಒತ್ತಡದಲ್ಲಿ ಬರೋ ಎಂಜಿನ್ ಆಯಿಲ್ಲಿನ ತೆಳು ಪೊರೆಯ ಮೇಲೆ ತೇಲುತ್ತಿರುತ್ತೆ. ಆ ಪೊರೆಯ ದಪ್ಪ ತಲೆಗೂದಲಿಗಿಂತ ಕಮ್ಮಿ. ಅಲ್ಲಿಗೆ ಒಂದು ಮರಳಿನ ಕಣ ಹೋದರೆ? ಕೊಳೆ ಅನ್ನೋ ಪದಕ್ಕೆ ಟರ್ಬೋ ಲೋಕದಲ್ಲಿ ಅರ್ಥವೇ ಬೇರೆ. ಹೊರಗಿನ ಮಸಿ ಕೊಳೆಯಲ್ಲ, ಅದು ಬರೀ ಬಣ್ಣ. ಕಣ್ಣಿಗೆ ಕಾಣದಷ್ಟು ಸಣ್ಣ ಕಣವೇ ಅಲ್ಲಿ ನಿಜವಾದ ಕೊಳೆ. ತೊಳೆಯೋ ಭರದಲ್ಲಿ ಮೊದಲನೇದನ್ನ ತೆಗೆದು ಎರಡನೇದನ್ನ ಒಳಗೆ ತುಂಬೋದು ಬಹಳ ಸುಲಭ.

ಹಳೇ ಟರ್ಬೋ ಹುಡುಕೋ ಕೆಲಸ ಬೆಂಗಳೂರಿನಲ್ಲಿದ್ದ ನನ್ನ ತಲೆಗೆ ಬಂತು. ಶಿವಾಜಿನಗರದ ಗುಜರಿ ಬೀದಿ, ವಿಡಿಯೋ ಕಾಲ್‌ನಲ್ಲಿ ಭಾಯಿ. ಮೊದಲು ಟರ್ಬೋ ಮೇಲಿನ ತಗಡಿನ ಚೀಟಿಯ ನಂಬರ್ ಓದಿಸಿದರು. "ಎಂಜಿನ್ ಒಂದೇ ಅಂತ ನಂಬಬೇಡ. ಇದೇ 1.3 ಎಂಜಿನ್ 90 ಕುದುರೆಶಕ್ತೀದೂ ಇದೆ, ಅದರ ಟರ್ಬೋ ಜಾತಿಯೇ ಬೇರೆ." ಆ 90ರದ್ದು ವಿಜಿಟಿ. ಹೊಗೆಯ ದಾರಿಯನ್ನ ಕಿರಿದು, ಅಗಲ ಮಾಡೋ ಪುಟ್ಟ ಎಲೆಗಳು ಅದರೊಳಗೆ ಇರುತ್ತವೆ. ನಮ್ಮದು ಸಾದಾ.

ನಂಬರ್ ಹೊಂದಿದ ಮೇಲೆ ಬೆರಳಿನ ಪರೀಕ್ಷೆ. ಚಕ್ರದ ನಡುವಿನ ಮೂತಿಯನ್ನ ಎರಡು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸೋದು, ಹಿಂದೆ ಮುಂದೆ ಎಳೆಯೋದು. ಅಕ್ಕಪಕ್ಕ ಒಂಚೂರು ಅಲ್ಲಾಡಬೇಕು, ಅದು ಎಣ್ಣೆಯ ಪೊರೆಗೆ ಬಿಟ್ಟ ಜಾಗ. ಆದರೆ ಅಲ್ಲಾಡಿಸಿದಾಗ ರೆಕ್ಕೆ ಹೌಸಿಂಗಿಗೆ ತಾಗಬಾರದು. ಹಿಂದೆ ಮುಂದೆ ಮಾತ್ರ ಬೆರಳಿಗೆ ಗೊತ್ತಾಗೋ ಹಾಗೆ ಅಲ್ಲಾಡಲೇಬಾರದು. ನಾಲ್ಕು ಟರ್ಬೋ ಹಿಡಿದು ನೋಡೋದರೊಳಗೆ ಬೆರಳಿಗೆ ವ್ಯತ್ಯಾಸ ತಾನಾಗೇ ತಿಳಿಯಿತು.

ಐದನೇದು ಬಂದ ಗಾಡಿ ಅಂಗಡಿಯ ಹಿಂದೆಯೇ ನಿಂತಿತ್ತು. ಯಾವುದೋ ಲಾರಿ ಹಿಂದಿನಿಂದ ಗುದ್ದಿ ಡಿಕ್ಕಿ ಚಪ್ಪಟೆಯಾಗಿದ್ದ ಒಂದು ಸ್ವಿಫ್ಟ್. ಮುಂಭಾಗ ನೆಟ್ಟಗಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪ ಇನ್ನೂ ಅಂಟಿಕೊಂಡೇ ಇದ್ದ. ಅಮ್ಮನ ಮಾತು ನೆನಪಾಗಿ ಒಂದು ಕ್ಷಣ ಕೈ ಹಿಂದೆ ಬಂತು. ಭಾಯಿಗೆ ಅದೆಲ್ಲ ಕಾಣಲಿಲ್ಲ. "ಆ ಗಾಡಿಯ ಆಯಿಲ್ ಕಡ್ಡಿ ಎಳೆದು ತೋರಿಸು" ಅಂದರು. ತೋರಿಸಿದೆ. ಎಣ್ಣೆ ಕಪ್ಪಗಿತ್ತು. ಡೀಸೆಲ್ ಎಂಜಿನ್ನಿನಲ್ಲಿ ಕಪ್ಪಾಗೋದು ಸಹಜವೇ. ಆದರೆ ತೆಳ್ಳಗೆ ಹರಿಯುತ್ತಿತ್ತು, ಟಾರಿನ ಥರ ಇರಲಿಲ್ಲ. ಎಣ್ಣೆ ಹಾಕೋ ಮುಚ್ಚಳದ ಒಳಗೆ ಗಸಿ ಕಟ್ಟಿರಲಿಲ್ಲ. "ಇದನ್ನ ಇಟ್ಟುಕೊಂಡಿದ್ದವನು ಗಾಡಿಯನ್ನ ಮನುಷ್ಯನ ಥರ ನೋಡ್ಕೊಂಡಿದಾನೆ. ತಗೋ."

ಅಂಗಡಿಯ ಹುಡುಗ ಒಳ್ಳೆ ಮನಸ್ಸಿನಿಂದ, "ಎರಡೇ ನಿಮಿಷ ಸಾರ್, ಪೆಟ್ರೋಲಲ್ಲಿ ತೊಳ್ದು ಸಿಲ್ವರ್ ಸ್ಪ್ರೇ ಹೊಡ್ದು ಕೊಡ್ತೀನಿ" ಅಂದ. ಬೇಡಪ್ಪಾ ಅಂತ ಹಾಗೇ ಇಸಿದುಕೊಂಡೆ. ಎಲ್ಲ ತೂತುಗಳಿಗೂ ಟೇಪ್ ಹಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಾಲ್ಕೈದು ಕೆಜಿಯ ಆ ಕಬ್ಬಿಣದ ಮಗುವನ್ನ ತೊಡೆ ಮೇಲೆ ಇಟ್ಟುಕೊಂಡು ರಾತ್ರಿ ಬಸ್ಸು ಹತ್ತಿದೆ. ಪಕ್ಕದ ಸೀಟಿನವರು ಸಾಗರ ಬರೋವರೆಗೂ ಅನುಮಾನದಿಂದಲೇ ನೋಡಿದರು.

ಮಾರನೇ ದಿನ ಭಾಯಿ ತೊಳೆಯಲಿಲ್ಲ. ಇಡೀ ಬೆಳಿಗ್ಗೆ ನೋಡಿದರು ಅಷ್ಟೇ. ಮೇಜಿನ ಮೇಲೆ ಬಿಳೀ ಪಂಚೆಯ ತುಂಡು ಹಾಸಿ, ಟರ್ಬೋ ಅದರ ಮೇಲಿಟ್ಟು, ಟಾರ್ಚು ಹಿಡಿದು ಒಂದೊಂದು ತೂತಿಗೂ ಇಣುಕಿದರು. ತಮ್ಮ ಚಡಪಡಿಸ್ತಿದ್ದ. "ಭಾಯಿ, ತೊಳ್ದು ಹಾಕಿಬಿಡಿ, ನಾಳೆ ಮಣಿಪಾಲದ ಬಾಡಿಗೆ ಇದೆ." ಭಾಯಿ ತಲೆ ಎತ್ತಲಿಲ್ಲ. ನನಗೆ ಮಾತ್ರ ಒಂದೊಂದಾಗಿ ತೋರಿಸುತ್ತಾ ಹೋದರು.

ಗಾಳಿ ಬದಿಯ ಚಕ್ರ ಅಲ್ಯೂಮಿನಿಯಮ್ಮಿನದು. ಅದರ ರೆಕ್ಕೆಯ ಅಂಚು ಚೂಪಾಗಿದೆಯಾ ಇಲ್ಲ ಮೊಂಡಾಗಿದೆಯಾ ನೋಡಬೇಕು. ಏರ್ ಫಿಲ್ಟರ್ ಸರಿಯಿಲ್ಲದೆ ಧೂಳು ಕುಡಿದ ಟರ್ಬೋ ಆದರೆ ಅಂಚು ಸವೆದು ಗುಳಿ ಬಿದ್ದಿರುತ್ತೆ. ಇದರದು ಚೂಪಾಗಿತ್ತು. ಆ ಬದಿಯಲ್ಲಿ ಎಣ್ಣೆಯ ತೆಳು ಪಸೆ ಇದ್ದರೆ ಗಾಬರಿ ಬೇಡ, ಎಂಜಿನ್ನಿನ ಉಸಿರಿನ ಪೈಪಿನಿಂದ ಬರೋ ಆವಿಯದು. ಎಣ್ಣೆ ನಿಂತಿದ್ದರೆ ಮಾತ್ರ ಯೋಚಿಸಬೇಕು. ಹೊಗೆ ಬದಿಯಲ್ಲಿ ಒಣ ಮಸಿ ಇರಬೇಕು, ಬೆರಳಿಗೆ ಪುಡಿಯಾಗಿ ಹತ್ತಬೇಕು. ಅಲ್ಲಿ ಒದ್ದೆ ಜಿಡ್ಡಿದ್ದರೆ ಆ ಬದಿಯ ಸೀಲು ಎಣ್ಣೆ ಬಿಡ್ತಿದೆ, ಇಲ್ಲ ಎಂಜಿನ್ನೇ ಎಣ್ಣೆ ಕುಡೀತಿತ್ತು. ಎಣ್ಣೆ ಒಳಗೆ ಬರೋ ತೂತಿನಲ್ಲಿ ಗಟ್ಟಿ ಕರಕಲು ಕಾಳು ಇರಬಾರದು. ಕೊನೆಗೆ ಎಣ್ಣೆ ಹೊರಹೋಗೋ ದೊಡ್ಡ ತೂತಿನಿಂದ ಟಾರ್ಚು ಬಿಟ್ಟರು. ಒಳಗೆ ದಂಡದ ಒಂದು ತುಂಡು ಕಂಡಿತು. ಬೆಳ್ಳಗಿತ್ತು. "ನೀಲಿ ಬಣ್ಣ ಇದ್ದಿದ್ರೆ ಒಂದ್ಸಲ ಎಣ್ಣೆ ಇಲ್ಲದೆ ಕಾದಿದೆ ಅಂತ ಅರ್ಥ. ಆವಾಗ ಎಷ್ಟು ತೊಳೆದ್ರೂ ಪ್ರಯೋಜನ ಇಲ್ಲ."

ಆಗ ನನಗೆ ಅರ್ಥವಾಯಿತು, ತೊಳೆದಿಟ್ಟ ಟರ್ಬೋ ಅಂದರೆ ಭಾಯಿ ಯಾಕೆ ಹಾಗೆ ಮುಖ ಸಿಂಡರಿಸ್ತಾರೆ ಅಂತ. ಒದ್ದೆ ಜಿಡ್ಡು, ಒಣ ಮಸಿ, ಕರಕಲು ಕಾಳು... ಇವೆಲ್ಲ ಸಾಕ್ಷಿಗಳು. ಪೆಟ್ರೋಲು ಹಾಕಿ ಉಜ್ಜಿದರೆ ಎರಡೇ ನಿಮಿಷದಲ್ಲಿ ಸಾಕ್ಷಿ ನಾಶ. ಆಮೇಲೆ ಒಳ್ಳೆ ಟರ್ಬೋನೂ ಕೆಟ್ಟ ಟರ್ಬೋನೂ ಒಂದೇ ಥರ ಹೊಳೆಯುತ್ತವೆ.

ಮಧ್ಯಾಹ್ನದ ಮೇಲೆ ತೊಳೆಯೋ ಕೆಲಸ. ಮೊದಲು ಬಿಚ್ಚೋ ಮುಂಚೆ ಮೂರು ಭಾಗಗಳ ಮೇಲೂ ಅಡ್ಡಡ್ಡ ಗೀರು ಹಾಕಿದರು. ಗಾಳಿ ಬದಿಯ ಹೌಸಿಂಗು, ಹೊಗೆ ಬದಿಯ ಹೌಸಿಂಗು, ನಡುವಿನ ಕೋರ್, ಇವು ಒಂದಕ್ಕೊಂದು ಯಾವ ಕೋನದಲ್ಲಿ ಕೂತಿದ್ದವೋ ಹಾಗೇ ಕೂರಬೇಕು. ಇಲ್ಲದಿದ್ದರೆ ಪೈಪುಗಳ ಬಾಯಿ ಬೇರೆ ದಿಕ್ಕಿಗೆ ತಿರುಗಿ ಗಾಡಿಗೆ ಹೊಂದೋದಿಲ್ಲ. ಹೊರಗಿನ ಎರಡು ಹೌಸಿಂಗುಗಳನ್ನ ಬಿಡಿಸಿದ ಮೇಲೆ ಅವನ್ನ ಸೀಮೆಎಣ್ಣೆಯಲ್ಲಿ ನೆನೆಹಾಕಿ ಬ್ರಷ್ಷಿನಿಂದ ಆರಾಮಾಗಿ ಉಜ್ಜಬಹುದು. ಹೊಗೆ ಬದಿಯದು ಎರಕದ ಕಬ್ಬಿಣ, ಅದಕ್ಕೆ ತಂತಿ ಬ್ರಷ್ಷಾದರೂ ಆದೀತು. ಅದರೊಳಗೆ ವೇಸ್ಟ್‌ಗೇಟ್ ಅನ್ನೋ ಒಂದು ಪುಟ್ಟ ಬಾಗಿಲಿದೆ. ಒತ್ತಡ ಮಿತಿ ಮೀರಿದರೆ ಹೊಗೆಯನ್ನ ಚಕ್ರದ ಪಕ್ಕದಿಂದ ಹೊರಗೆ ಬಿಡೋ ಬಾಗಿಲು. ಅದು ತುಕ್ಕು ಹಿಡಿದು ಅಂಟಿಕೊಳ್ಳದೆ ಸಲೀಸಾಗಿ ತೆರೆದು ಮುಚ್ಚಬೇಕು, ಮುಚ್ಚಿದಾಗ ಪೂರ್ತಿ ಕೂರಬೇಕು.

ನಡುವಿನ ಕೋರ್‌ಗೆ ಬಂದಾಗ ಭಾಯಿಯ ಕೈ ಬದಲಾಯಿತು. ಅಲ್ಲಿ ಮಾಡೋದಕ್ಕಿಂತ ಮಾಡಬಾರದ್ದೇ ಜಾಸ್ತಿ. ತಂತಿ ಬ್ರಷ್ಷು ಮುಟ್ಟಿಸಬಾರದು, ಅಲ್ಯೂಮಿನಿಯಮ್ ರೆಕ್ಕೆಗೆ ಒಂದು ಗೀರು ಬಿದ್ದರೂ ಎರಡು ಲಕ್ಷ ಸುತ್ತಿನಲ್ಲಿ ತೂಕದ ಸಮ ಕೆಡುತ್ತೆ. ಎಂಜಿನ್ ಬ್ಲಾಕು ಮುಳುಗಿಸೋ ಕಾಸ್ಟಿಕ್ ಸೋಡಾ ನೀರಿಗೆ ಹಾಕಬಾರದು, ಅದು ಅಲ್ಯೂಮಿನಿಯಮ್ಮನ್ನೇ ತಿಂದುಹಾಕುತ್ತೆ. ಮರಳು ಹೊಡೆಸೋ ಮಾತಂತೂ ಎತ್ತಲೇಬಾರದು, ಸೀಲಿನ ಸಂದಿಯಿಂದ ಒಂದು ಕಣ ಒಳಗೆ ಹೋದರೆ ಮುಗೀತು. ಪ್ರೆಶರ್ ವಾಶರ್ ನೀರು ಬೇಡ. ಚಕ್ರ ಹಿಡಿದಿರೋ ನಟ್ ಮುಟ್ಟಲೇಬಾರದು, ದಂಡ ಮತ್ತು ಎರಡೂ ಚಕ್ರಗಳನ್ನ ಸೇರಿಸಿ ತೂಗಿ ಸಮ ಮಾಡಿರುತ್ತಾರೆ. ಬಿಚ್ಚಿದರೆ ಮತ್ತೆ ಆ ಸಮಕ್ಕೆ ತರೋಕೆ ಬ್ಯಾಲೆನ್ಸಿಂಗ್ ಯಂತ್ರವೇ ಬೇಕು.

ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾದದ್ದು. ತೊಳೆದು ಒಣಗಿಸೋಕೆ ಏರ್ ಗನ್ ಹಿಡಿದು ಚಕ್ರವನ್ನ ಸುಯ್ ಅಂತ ತಿರುಗಿಸೋ ಚಟ ಎಲ್ಲ ಶೆಡ್ಡುಗಳ ಹುಡುಗರಿಗೂ ಇದೆ. ಕೇಳೋಕೆ ಬಹಳ ಚೆಂದ. ಆದರೆ ಒಳಗೆ ಎಣ್ಣೆಯ ಒತ್ತಡವಿಲ್ಲ, ಪೊರೆಯಿಲ್ಲ. ಲೋಹದ ಮೇಲೆ ಲೋಹ. ಟರ್ಬೋ ಕೆಡಿಸೋಕೆ ಅಷ್ಟು ಸಾಕು. ಭಾಯಿಯ ಶೆಡ್ಡಿಗೆ ಹೊಸದಾಗಿ ಸೇರಿದ ಹುಡುಗ ಗನ್ ತರೋಕೆ ಎದ್ದ. ಭಾಯಿ ಅವನ ಮುಖ ನೋಡಿದರು. ಕೂತುಬಿಟ್ಟ.

ಹಾಗಾದರೆ ಮಾಡಿದ್ದೇನು? ಎಣ್ಣೆಯ ಎರಡೂ ತೂತಿಗೆ ರಬ್ಬರ್ ಬಿರಡೆ ಹಾಕಿ, ಮೆತ್ತನೆ ಬ್ರಷ್ಷಿಗೆ ಸೀಮೆಎಣ್ಣೆ ಅದ್ದಿ, ಒಂದೊಂದು ರೆಕ್ಕೆಯನ್ನ ಮಗುವಿನ ಕಿವಿ ಒರೆಸೋ ಹಾಗೆ ಒರೆಸಿದರು. ಬಟ್ಟೆಯ ನೂಲು ಬಿಡಬಾರದು ಅಂತ ಹಳೇ ಕಾಟನ್ ಪಂಚೆ. ಆಮೇಲೆ ಬಿರಡೆ ತೆಗೆದು ಒಳಗಿನ ದಾರಿಗೆ ಶೋಧಿಸಿದ ಡೀಸೆಲ್ ಹುಯ್ದು, ಬೆರಳಿನಲ್ಲಿ ನಿಧಾನಕ್ಕೆ ತಿರುಗಿಸಿ, ಕೆಳಗೆ ಬಂದದ್ದನ್ನ ಬಿಳೀ ಬಟ್ಟೆ ಮೇಲೆ ಹಿಡಿದು ನೋಡಿದರು. ಮತ್ತೊಮ್ಮೆ. ಮತ್ತೊಮ್ಮೆ. ಬಟ್ಟೆ ಮೇಲೆ ಕಾಳು ಬೀಳೋದು ನಿಂತ ಮೇಲೆ ಹೊಸ ಎಂಜಿನ್ ಆಯಿಲ್ ಹಾಕಿ ಹಾಗೇ ತಿರುಗಿಸಿ ಎಲ್ಲ ತೂತು ಮುಚ್ಚಿಟ್ಟರು. ಕೊನೆಗೂ ಹೊರಮೈ ಮಸಿ ಪೂರ್ತಿ ಹೋಗಿರಲಿಲ್ಲ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ತಮ್ಮ ಎದ್ದು ನಿಂತ. "ಆಯ್ತಲ್ಲ ಭಾಯಿ, ಈಗ ಹಾಕಿಬಿಡೋಣ."

"ಅರ್ಧ ಆಯ್ತು" ಅಂದರು ಭಾಯಿ. "ಟರ್ಬೋ ತೊಳೆದ್ವಿ. ಗಾಡಿ ತೊಳೆದ್ವಾ?"

ಇಲ್ಲಿ ಅವರು ಹೇಳಿದ್ದು ನನ್ನ ತಲೆಯಲ್ಲಿ ಅಚ್ಚೊತ್ತಿ ಕೂತಿದೆ. ಟರ್ಬೋ ತಾನಾಗಿ ಸಾಯೋದು ಅಪರೂಪ, ಹೆಚ್ಚಿನ ಸಲ ಗಾಡಿಯೇ ಅದನ್ನ ಕೊಂದಿರುತ್ತೆ. ಎಣ್ಣೆ ಸಿಗದೆ, ಇಲ್ಲ ಕೊಳೆ ಎಣ್ಣೆ ಕುಡಿದು, ಇಲ್ಲ ಧೂಳು ತಿಂದು. ಕೊಂದವನು ಮನೆಯಲ್ಲೇ ಕೂತಿರುವಾಗ ಹೊಸಬನನ್ನ ತಂದು ಒಳಗೆ ಬಿಟ್ಟರೆ ಅವನ ಗತಿಯೂ ಅಷ್ಟೇ. ಎಣ್ಣೆ ತರೋ ಆ ತೆಳ್ಳನೆ ಪೈಪನ್ನ ತೊಳೆಯೋ ಗೋಜಿಗೇ ಹೋಗದೆ ಹೊಸದು ತರಿಸಿದರು. ಕರಕಲು ಪೂರ್ತಿ ಬಿಟ್ಟಿದೆಯಾ ಇಲ್ಲವಾ ಅಂತ ಒಳಗೆ ಇಣುಕಿ ನೋಡೋಕಾಗೋದಿಲ್ಲ, ಅದಕ್ಕೆ. ಸಂಪ್ ಇಳಿಸಿ, ಎಣ್ಣೆ ಹೀರೋ ಜಾಲರಿ ತೊಳೆದು, ಹೊಸ ಆಯಿಲ್, ಹೊಸ ಫಿಲ್ಟರ್. ಹೊಸ ಏರ್ ಫಿಲ್ಟರ್.

ಕೊನೆಗೆ ಇಂಟರ್‌ಕೂಲರ್. ಟರ್ಬೋ ಒತ್ತಿದ ಗಾಳಿ ಬಿಸಿಯಾಗಿರುತ್ತೆ, ಅದನ್ನ ತಣಿಸಿ ಎಂಜಿನ್ನಿಗೆ ಕಳಿಸೋ ರೇಡಿಯೇಟರಿನಂಥ ಪೆಟ್ಟಿಗೆ ಅದು. ಅದನ್ನ ಬಿಚ್ಚಿ ಬೋರಲು ಹಾಕಿದಾಗ ಮೊದಲು ಒಂದು ಚಹಾ ಲೋಟದಷ್ಟು ಎಣ್ಣೆ ಸುರಿಯಿತು. ಆಮೇಲೆ ಡೀಸೆಲ್ ಹುಯ್ದು ಕುಲುಕಿ ಬೋಗುಣಿಗೆ ಬಗ್ಗಿಸಿದಾಗ ಟಿಣ್ ಅಂತ ಒಂದು ಸದ್ದು. ಮತ್ತೆ ಕುಲುಕಿದರು. ಟಿಣ್, ಟಿಣ್. ಬೋಗುಣಿಯ ತಳದಲ್ಲಿ ಅಕ್ಕಿ ನುಚ್ಚಿನಷ್ಟು ಸಣ್ಣ ಮೂರು ಅಲ್ಯೂಮಿನಿಯಮ್ ಚೂರು. ಘಾಟಿಯಲ್ಲಿ ಮುರಿದ ರೆಕ್ಕೆಯವು.

ಮೂವರೂ ಸುಮ್ಮನೆ ನಿಂತೆವು. ಟರ್ಬೋ ಒಂದನ್ನೇ ತೊಳೆದು ಹಾಕಿದ್ದರೆ ಆ ಚೂರುಗಳು ಮೊದಲ ಘಾಟಿಯಲ್ಲೇ ಗಾಳಿಯ ಜೊತೆ ಎಂಜಿನ್ನಿನ ಒಳಗೇ ಹೋಗಬಹುದಿತ್ತು. ಆ ಲೋಟ ಎಣ್ಣೆ ಇನ್ನೂ ಭಯಂಕರ. ಡೀಸೆಲ್ ಎಂಜಿನ್ನಿಗೆ ತನ್ನದೇ ಎಣ್ಣೆಯನ್ನ ಗಾಳಿಯ ದಾರಿಯಿಂದ ಹೀರಿ ಉರಿಸಿಕೊಂಡು ಓಡೋಕೆ ಬರುತ್ತೆ. ಹಾಗೆ ಓಡೋಕೆ ಶುರುವಾದರೆ ಕೀಲಿ ಆಫ್ ಮಾಡಿದರೂ ನಿಲ್ಲೋದಿಲ್ಲ, ವೇಗ ಏರುತ್ತಲೇ ಹೋಗುತ್ತೆ. ಹಿಂದೆ ಪೇಷಂಟು, ಪಕ್ಕದಲ್ಲಿ ಪ್ರಪಾತ... ತಮ್ಮ ಆ ಮೂರು ಚೂರನ್ನ ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಜೇಬಿನಿಂದ ಫೋನ್ ತೆಗೆದು ಮಣಿಪಾಲದ ಬಾಡಿಗೆಯವರಿಗೆ ಬೇರೆ ಗಾಡಿ ನೋಡಿಕೊಟ್ಟ. ಅವತ್ತಿಗೆ ಅವನ ಚಡಪಡಿಕೆ ನಿಂತಿತು.

ಸಂಜೆ ಅಮ್ಮ ಬುತ್ತಿ ತಗೊಂಡು ಶೆಡ್ಡಿಗೇ ಬಂದಳು. ಬುತ್ತಿ ನೆಪ ಅಂತ ಎಲ್ಲರಿಗೂ ಗೊತ್ತಿತ್ತು. ಬಿಳೀ ಬಟ್ಟೆ ಮೇಲೆ ಕೂತಿದ್ದ ಟರ್ಬೋವನ್ನ ದೂರದಿಂದಲೇ ನೋಡಿ, "ಭಾಯಿ, ನೀವು ದೊಡ್ಡೋರು, ತಿಳಿದೋರು. ಯಾರೋ ನೊಂದ ಗಾಡೀದು ಇದು. ತೊಳೆದ್ರೆ ಹೋಗತ್ತಾ ಅದು?" ಅಂದಳು.

ಭಾಯಿ ನಗಲಿಲ್ಲ. ಕೈ ಒರೆಸಿಕೊಂಡು ಎದ್ದು ನಿಂತು ಹೇಳಿದರು. "ಅಮ್ಮಾ, ನಿಮ್ಮ ಮಗ ಆಸ್ಪತ್ರೆಗೆ ಜನರನ್ನ ಕರ್ಕೊಂಡು ಹೋಗ್ತಾನೆ. ಅಲ್ಲಿ ಅವ್ರಿಗೆ ಬೇರೆಯೋರ ರಕ್ತ ಕೊಡ್ತಾರೆ. ಯಾರದ್ದು, ಅವರು ಹೆಂಗಿದಾರೆ ಅಂತ ನಾವು ಕೇಳ್ತೀವಾ? ಪರೀಕ್ಷೆ ಮಾಡಿದೀರಾ ಅಂತ ಮಾತ್ರ ಕೇಳ್ತೀವಿ. ನಾನು ಪರೀಕ್ಷೆ ಮಾಡಿದೀನಿ. ನೊಂದಿದ್ದು ಹೋಗತ್ತೋ ಇಲ್ವೋ ನನಗೆ ಗೊತ್ತಿಲ್ಲ. ಆದ್ರೆ ಆ ಗಾಡಿಯೋನು ಇದನ್ನ ಚೆನ್ನಾಗಿ ನೋಡ್ಕೊಂಡಿದ್ದ. ಅದು ಇದರಲ್ಲಿ ಉಳಿದಿದೆ, ನಾನು ಕಣ್ಣಾರೆ ನೋಡಿದೀನಿ."

ಅಮ್ಮ ಏನೂ ಹೇಳಲಿಲ್ಲ. ಬುತ್ತಿ ಬಿಚ್ಚಿ ಮೊದಲು ಭಾಯಿಗೆ ಬಡಿಸಿದಳು. ಅಮ್ಮನಿಗೆ ಪೂರ್ತಿ ಒಪ್ಪಿಗೆಯಾಯಿತು ಅಂತ ನಾನು ಹೇಳಲಾರೆ. ಆದರೆ ಬೇಡ ಅನ್ನೋ ಮಾತು ಮತ್ತೆ ಬರಲಿಲ್ಲ.

ಮೂರನೇ ದಿನ ಜೋಡಣೆ. ಹೊಸ ಗ್ಯಾಸ್ಕೆಟ್, ಹೊಸ ತಾಮ್ರದ ವಾಷರ್. ಎಣ್ಣೆಯ ದಾರಿಗೆ ಸಿಲಿಕಾನ್ ಅಂಟು ಹಚ್ಚೋ ಹಾಗಿಲ್ಲ, ಬಿಗಿದಾಗ ಹಿಂಡಿಕೊಂಡು ಒಳಗೆ ಬಂದು, ಚೂರಾಗಿ ಕಿತ್ತು, ಅದೇ ಎಣ್ಣೆಯ ತೂತಿಗೆ ಅಡ್ಡ ಕೂರುತ್ತೆ. ಪೈಪು ಕೂಡಿಸೋ ಮುಂಚೆ ಟರ್ಬೋದ ಬಾಯಿಗೆ ಹೊಸ ಎಣ್ಣೆ ಹುಯ್ದು ಚಕ್ರವನ್ನ ಕೈಯಲ್ಲಿ ತಿರುಗಿಸಿದರು. ಆಮೇಲೆ ಇಂಜೆಕ್ಟರುಗಳ ಕನೆಕ್ಟರ್ ತೆಗೆದು, ಎಂಜಿನ್ ಹೊತ್ತಿಕೊಳ್ಳದ ಹಾಗೆ ಮಾಡಿ, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ಕ್ರ್ಯಾಂಕ್ ಹೊಡೆಸಿದರು. ಎಣ್ಣೆ ಮೇಲಿನವರೆಗೂ ಏರಬೇಕಲ್ಲ, ಅದಕ್ಕೆ. ಕೊನೆಗೆ ಕನೆಕ್ಟರ್ ಹಾಕಿ ಸ್ಟಾರ್ಟ್. ಆಕ್ಸಿಲರೇಟರ್ ಮುಟ್ಟದೆ ಐದು ನಿಮಿಷ ಹಾಗೇ ಬಿಟ್ಟು, ಟಾರ್ಚು ಹಿಡಿದು ಎಲ್ಲ ಜೋಡಣೆಗಳನ್ನೂ ನೋಡಿದರು. ಒಂದು ಹನಿ ಎಣ್ಣೆ ಇಲ್ಲ. ಹಳೇ ಮಸಿ ಕಾದು ಸ್ವಲ್ಪ ಹೊಗೆಯಾಡಿತು, ಆಮೇಲೆ ಅದೂ ನಿಂತಿತು.

ಇದೆಲ್ಲ ಆಗಿ ವರ್ಷದ ಮೇಲಾಯಿತು. ತಮ್ಮನ ಗಾಡಿ ಓಡ್ತಿದೆ, ಕಂತೂ ಓಡ್ತಿದೆ. ಈ 1.3 ಡೀಸೆಲ್ ಕಾರುಗಳನ್ನ ಮಾರುತಿಯವರು ಮಾಡೋದು 2020ರಲ್ಲೇ ನಿಂತಿತು. ರಸ್ತೆ ಮೇಲೆ ಉಳಿದಿರೋವು ಇನ್ನು ಒಂದಕ್ಕೊಂದು ಕೈ, ಕಾಲು ಕೊಟ್ಟುಕೊಂಡೇ ಬದುಕಬೇಕು. ಹಾಗಾಗಿ ನಿಮ್ಮಲ್ಲಿ ಯಾರಿಗಾದರೂ ಇಂಥ ಸಂದರ್ಭ ಬಂದರೆ ಭಾಯಿಯ ಪಾಠ ನೆನಪಿರಲಿ. ತೊಳೆಯೋ ಮುಂಚೆ ನೋಡಿ, ನೋಡಿದ ಮೇಲೆ ತೊಳೆಯಿರಿ, ತೊಳೆಯೋದಾದರೆ ಎರಡೂ ಕಡೆ ತೊಳೆಯಿರಿ.

ಮೊನ್ನೆ ಊರಿಗೆ ಹೋದಾಗ ತಮ್ಮನ ಜೊತೆ ಮಣಿಪಾಲಕ್ಕೆ ಹೋಗಿ ಬಂದೆ. ವಾಪಸ್ಸು ಬರುವಾಗ ಘಾಟಿ ಹತ್ತಿ ಮುಗಿದ ಮೇಲೆ ಒಂದು ಚಹಾದಂಗಡಿ ಹತ್ತಿರ ನಿಲ್ಲಿಸಿದ. ಆದರೆ ಎಂಜಿನ್ ಆಫ್ ಮಾಡಲಿಲ್ಲ, ಸ್ಟೀರಿಂಗ್ ಮೇಲೆ ಕೈಯಿಟ್ಟು ಸುಮ್ಮನೆ ಕೂತ. ಹಿಂದೆ ಕೂತಿದ್ದ ಹೆಂಗಸು, "ಯಾಕಪ್ಪಾ, ಸುಮ್ನೆ ಡೀಸೆಲ್ ಸುಡ್ತೀಯ?" ಅಂದರು. ಏರು ಹತ್ತಿ ಕೆಂಡವಾಗಿರೋ ಟರ್ಬೋ, ಅದರ ಬಿಸಿಯನ್ನ ಹೊತ್ತೊಯ್ಯೋ ಎಣ್ಣೆ ತಕ್ಷಣ ನಿಂತರೆ ಒಳಗೇ ಸುಟ್ಟು ಕರಕಲಾಗೋದು, ಇದನ್ನೆಲ್ಲ ಅವನು ವಿವರಿಸಬಹುದಿತ್ತು.

"ಹತ್ತಿ ಬಂದಿದೆಯಲ್ಲ ಅಕ್ಕಾ, ಒಂದ್ನಿಮಿಷ ಉಸಿರು ತಗೊಳ್ಳಲಿ" ಅಂದ.